ಕಾಲು ಮುಂದಾಗಿ ಹುಟ್ಟಿದ ಸೊಸೆ

ಕುಷ್ಟಗಿಯ ನಮ್ಮ ಓಣಿಯ ಶೇಖರಮ್ಮನ ಬೆನ್ನುನೋವು ಬೀಗರ ಹಾಗೆ. ಹೇಳದೆ ಬರುತ್ತದೆ, ಬಂದರೆ ಬೇಗ ಹೋಗುವುದಿಲ್ಲ, ಹೋದರೂ ಮತ್ತೆ ಬರುವುದು ಖಾತ್ರಿ. ಆಕೆ ಜೋಳದ ರೊಟ್ಟಿ ಬಡಿದು ಮಾರುವಾಕೆ. ಒಲೆಯ ಮುಂದಿನ ಗಿಡ್ಡ ಮಣೆಯ ಮೇಲೆ ಬೇರೆಯವರು ಕೂತದ್ದನ್ನು ನಾನು ಕಂಡಿಲ್ಲ. ಸೊಸೆ ಅಮೃತಾಗೆ ಹಿಟ್ಟು ನಾದಲು ಮಾತ್ರ ಅಪ್ಪಣೆ.

ಈ ಸಲ ನೋವು ಬಂದಾಗ ಶೇಖರಮ್ಮನನ್ನು ಮಣೆಯಿಂದ ಎಬ್ಬಿಸಲು ಪಕ್ಕದ ಮನೆಯ ನಾನೂ ಅಮೃತಾಳೂ ಇಬ್ಬರೂ ಹಿಡಿಯಬೇಕಾಯಿತು.

"ಅತ್ತಿ, ರೊಟ್ಟಿ ಮಷಿನ್ ತರೂಣ್ರಿ. ಆಫರ್ ಐತಿ," ಎಂದಳು ಅಮೃತಾ.

"ನಾ ಸತ್ತ ಮ್ಯಾಲ ತಾ."

"ಆಫರ್ ಅಲ್ಲೀತನ ಇರಂಗಿಲ್ರಿ."

ಅಮಾವಾಸ್ಯೆಯೊಳಗೆ ಬೆನ್ನುನೋವು ಬಿಡದಿದ್ದರೆ ಮಷಿನ್ ಬರಲಿ ಎಂದು ಮಗ ತೀರ್ಮಾನ ಹೇಳಿದ.

ಶೇಖರಮ್ಮನನ್ನು ನಾನು ಕೊಪ್ಪಳಕ್ಕೆ ಕರೆದೊಯ್ದೆ. ಫಿಜಿಯೊಥೆರಪಿ ಮಾಡುವ ಸುನಿತಾ ಆಕೆಯ ಕೈಯನ್ನು ಐಸ್ ನೀರಿನಲ್ಲಿ ಇಡಿಸಿ ಬೆನ್ನು ಒತ್ತಿ ನೋಡಿದಳು.

"ಈಗ ಬೆನ್ನು ಕಡಿಮಿ ನೋಯ್ತೈತೇನ್ರಿ?"

"ಕೈಯೂ ನೋಯಾಕತ್ತೈತಿ ನೋಡವ್ವ."

ಸುನಿತಾ ನಗುತ್ತಲೇ ತಿಳಿಸಿ ಹೇಳಿದಳು. "ಒಂದು ಕಡೆ ನೋವಾದ್ರ ಮಿದುಳು ಬ್ಯಾರೆ ಕಡೆ ನೋವನ್ನ ತಗ್ಗಸ್ತೈತ್ರಿ, ಟಿವಿ ದನಿ ಕಡಿಮಿ ಮಾಡಿದಂಗ. ಪದೇ ಪದೇ ನೋವು ಬರೋ ಕೆಲವರೊಳಗ ಆ ರಿಮೋಟಿನ ಸೆಲ್ ವೀಕ್ ಆಗಿರ್ತಾವ. ಅಂಜಿ ಕುಂತ್ರ ದನಿ ಇನ್ನೂ ಜೋರು. ನಿಮ್ಮ ಎಲುಬು ಛಲೋ ಅದಾವ. ಬಗ್ರಿ, ನಡೀರಿ."

"ಬಗ್ಗಾಕ ಬರ್ತಿದ್ರ ಅಕಿ ಹತ್ರ ಯಾಕ ಹೋಗ್ತಿದ್ದೆ?" ಎಂದು ಶೇಖರಮ್ಮ ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿದಳು.

ಉಳಿದದ್ದು ಒಂದೇ ದಾರಿ. ಕಾಲು ಮುಂದಾಗಿ ಹುಟ್ಟಿದವರು ಒದ್ದರೆ ಬೆನ್ನುನೋವು ಬಿಡುತ್ತದೆಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ಓಣಿಯಲ್ಲಿ ಹಾಗೆ ಹುಟ್ಟಿದವಳು ಅಮೃತಾ ಒಬ್ಬಳೇ. ಹೆಣ್ಣು ನೋಡಲು ಹೋದಾಗ ಕೇಳಿಕೊಂಡು ಬಂದು ಊರಿಗೆಲ್ಲ ಸಾರಿದ್ದು ಶೇಖರಮ್ಮನೇ. ಮಷಿನ್ ಬೇಕೆನ್ನುವವಳ ಕಾಲಿನಲ್ಲೇ ಮದ್ದು.

ಅಮಾವಾಸ್ಯೆಯ ಬೆಳಿಗ್ಗೆ ಶೇಖರಮ್ಮ ಪಡಸಾಲೆಯಲ್ಲಿ ಬೋರಲು ಮಲಗಿದಳು. ಅಮೃತಾ ಕಾಲು ತೊಳೆದುಕೊಂಡು, ತಪ್ಪಾಯಿತೆಂದು ಮೊದಲೇ ಅತ್ತೆಯ ಪಾದ ಮುಟ್ಟಿ ನಮಸ್ಕರಿಸಿದಳು.

"ಮೆತ್ತಗ ಒದಿಲೇನ್ರಿ?"

"ಮದುವಿ ಆದಾಗಿಂದ ಮನಸಿನ್ಯಾಗ ಇಟಕೊಂಡಿದ್ದೆಲ್ಲಾ ಹಾಕು."

ಹಾಕಿದಳು. ಹೊರಗೆ ಕಟ್ಟಿದ್ದ ಎಮ್ಮೆ ಕತ್ತೆತ್ತಿ ನೋಡಿತು. ಶೇಖರಮ್ಮ ಯಾರ ಕೈಯನ್ನೂ ಹಿಡಿಯದೆ ಎದ್ದು, ನೆಟ್ಟಗೆ ಹೋಗಿ ಮಣೆಯ ಮೇಲೆ ಕೂತಳು. ಅಂದಿನಿಂದ ಬಗ್ಗಿ ಅಂಗಳ ಗುಡಿಸಿದಳು, ಕೊಡ ಎತ್ತಿದಳು, ನೀರಿಗೆ ಬಂದವರಿಗೆಲ್ಲ ಸೊಸೆಯ ಕಾಲನ್ನು ಹೊಗಳಿದಳು. ಮಷಿನ್ ಮಾತು ನಿಂತಿತು.

ಕೆಲವು ದಿನಗಳ ನಂತರ ಇರಕಲ್ಲಗಡದಿಂದ ಅಮೃತಾಳ ತಾಯಿ ರೇಣುಕಮ್ಮ ಬಂದಳು. ಒಲೆಯ ಪಕ್ಕ ಕೂತು ಕಥೆಯೆಲ್ಲ ಕೇಳಿ ಹುಬ್ಬೇರಿಸಿದಳು.

"ಇಕಿ ತೆಲಿ ಮುಂದಾಗೇ ಹುಟ್ಟ್ಯಾಳ್ರಿ ಬೀಗರ. ಕಾಲು ಮುಂದಾಗಿ ಹುಟ್ಟಿದಾಕಿ ಇಕಿ ಅಕ್ಕ, ನಮ್ಮ ದೊಡ್ಡಾಕಿ."

ರೊಟ್ಟಿ ಬಡಿಯುವ ಕೈ ನಿಂತಿತು. ಶೇಖರಮ್ಮ ಸೊಸೆಯತ್ತ ತಿರುಗಿದಳು.

"ನಿನಗ ಗೊತ್ತಿತ್ತೋ ಇಲ್ಲೋ?"

"ಗೊತ್ತಿತ್ರಿ."

"ಮತ್ತ ಯಾಕ ಒದ್ದಿ?"

"ಒದಿ ಅಂದವರು ನೀವ. ಅಂಥಾ ಅವಕಾಶ ಮತ್ತ ಬರ್ತಿತ್ತೇನ್ರಿ?"

ರೇಣುಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಶೇಖರಮ್ಮನ ಕೈ ಮಾತ್ರ ತಾನಾಗಿ ನಡುವಿಗೆ ಹೋಗಿತ್ತು. ಮುಖ ಕಿವುಚಿಕೊಂಡಳು. ನೋವು ತಿರುಗಿ ಬಂದಿತ್ತು. ಮಷಿನ್ ಎಂಬ ಮಾತು ಯಾರ ಬಾಯಿಂದಲಾದರೂ ಬೀಳುವ ಮೊದಲೇ ಆಕೆ ಮಣೆಯಿಂದ ಜಾರಿ, ಒಲೆಯ ಪಕ್ಕದಲ್ಲೇ ಬೋರಲು ಮಲಗಿದಳು.

"ಒದಿ."

"ಈಗ ನಿಮಗ ಗೊತ್ತಾತಲ್ರಿ, ಅತ್ತಿ?"

"ನನಗ ಗೊತ್ತಾತು. ಬೆನ್ನಿಗೆ ಇನ್ನೂ ಯಾರೂ ಹೇಳಿಲ್ಲ. ಲಗೂನ ಒದಿ."

ಅಮೃತಾ ಪಾದ ಮುಟ್ಟಿ, ಒದ್ದಳು. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂತು. ಅದನ್ನು ತಿರುವಿಹಾಕಲು ಅಮೃತಾ ಮಣೆಯತ್ತ ಬಗ್ಗಿದಳು.

"ತಿರುವು," ಎಂದು ನೆಲದಿಂದಲೇ ದನಿ ಬಂತು. "ಆದ್ರ ಕುಂದರಬ್ಯಾಡ."

ಹೇಳುತ್ತಲೇ ಶೇಖರಮ್ಮ ಎದ್ದು ಬಂದಳು.