ಲ್ಯಾಬಮ್ಮನ ಹಿತ್ತಲ ಹಳದಿ ಹಣ್ಣು

ಲ್ಯಾಬಮ್ಮ ಅನ್ನುವ ಹೆಸರಿಟ್ಟವರು ಕಾಲೇಜಿನ ಹುಡುಗಿಯರು. ಸಸ್ಯಶಾಸ್ತ್ರದ ಪ್ರಯೋಗಾಲಯದಲ್ಲಿ ಅವಳು ಇಪ್ಪತ್ತೆಂಟು ವರ್ಷ ಅಟೆಂಡರ್ ಆಗಿದ್ದಳು. ಯಾರೋ ತಂದ ಸೊಪ್ಪುಸದೆಯನ್ನು ಹಳೇ ಪೇಪರಿನ ನಡುವೆ ಒತ್ತಿಟ್ಟು, ಬೂಷ್ಟು ಹಿಡಿಯದಂತೆ ದಿನಾ ಪೇಪರು ಬದಲಿಸಿ, ಒಣಗಿದ ಮೇಲೆ ದಪ್ಪ ಹಾಳೆಗೆ ಅಂಟಿಸಿ ಬೀರುವಿನಲ್ಲಿ ಜೋಡಿಸುವುದು ಅವಳ ಕೆಲಸ. ಮೇಷ್ಟ್ರುಗಳು ಬಂದರು, ಹೋದರು. ಯಾವ ಗೂಡಿನಲ್ಲಿ ಯಾವ ಎಲೆ ಇದೆ ಎಂಬುದು ಮಾತ್ರ ಇವಳೊಬ್ಬಳ ತಲೆಯಲ್ಲಿ ಉಳಿಯಿತು. ಈಗ ನಿವೃತ್ತಿಯಾಗಿ ಒಂದು ವರ್ಷ.

ಅವಳ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಒಂದು ಮರವಿತ್ತು. ನಾಲ್ಕು ವರ್ಷದ ಹಿಂದೆ ಈ ಮನೆಗೆ ಬಂದಾಗ ಸೊಂಟದೆತ್ತರ ಇತ್ತು. ಹಿಂದೆ ಇದ್ದವರು ಯಾರೋ ಬೀಜ ಎಸೆದು ಹೋಗಿದ್ದಿರಬೇಕು. ಈ ವರ್ಷ ಮೊದಲ ಸಲ ಹಣ್ಣು ಬಿಟ್ಟಿತು. ಮುಷ್ಟಿ ಗಾತ್ರ, ಚೂಪು ತುದಿ, ಕಣ್ಣು ಕುಕ್ಕುವ ಹಳದಿ. ಎಲೆ ಕಿತ್ತರೆ ಬಿಳಿ ಹಾಲು.

"ಇದನ್ನ ಎಲ್ಲೋ ನೋಡಿದೀನಿ ಕಣ್ರೀ," ಎಂದು ಗಂಡನಿಗೆ ಹತ್ತು ಸಲ ಹೇಳಿದ್ದಳು. ಹೆಸರು ಮಾತ್ರ ಬಾಯಿಗೆ ಬರಲೊಲ್ಲದು.

ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಗುಮಾಸ್ತನ ಮಗಳು, ಏಳು ವರ್ಷದ ಚೋಟುದ್ದ ಹುಡುಗಿ, ತಮ್ಮ ಕಡೆ ಬಿದ್ದಿದ್ದ ಹಣ್ಣೊಂದನ್ನು ತಿಂದಳು. ಸ್ವಲ್ಪ ಹೊತ್ತಿಗೆ ವಾಂತಿ. ಗುಮಾಸ್ತ ಬೀದಿಗೆ ಬೀದಿಯನ್ನೇ ಕೂಡಿಸಿದ.

"ವಿಷದ ಮರ ಸಾಕ್ಕೊಂಡು ಕೂತಿದೀರಲ್ರೀ! ಬುಧವಾರ ಮರ ಕಡಿಯೋನನ್ನ ನಾನೇ ಕರ್ಕೊಂಡು ಬರ್ತೀನಿ."

"ಅದು ವಿಷ ಅಂತ ಯಾರು ಹೇಳಿದ್ರು?"

"ವಿಷ ಅಲ್ಲ ಅಂತ ನೀವು ಹೇಳಿ ನೋಡೋಣ. ಮೊದಲು ಅದರ ಹೆಸರು ಹೇಳಿ!"

ಲ್ಯಾಬಮ್ಮ ಬಿದ್ದಿದ್ದ ಹಣ್ಣೊಂದನ್ನು ಎತ್ತಿ ತಿರುವಿ ತಿರುವಿ ನೋಡಿದಳು; ಹೆಸರು ನೆನಪಾಗಲಿಲ್ಲ. ಸುತ್ತ ನಿಂತವರು ಗೋಣು ಆಡಿಸಿದರು. ಒಳಗೆ ಬಂದರೆ ಗಂಡನದೂ ಅದೇ ರಾಗ: "ಹೋಗ್ಲಿ ಬಿಡೇ, ಒಂದು ಮರಕ್ಕೆ ಯಾಕೆ ನಿಷ್ಠುರ?"

"ಹೆಸರು ಗೊತ್ತಿಲ್ಲದ್ದನ್ನೆಲ್ಲ ಕಡೀತಾ ಹೋದ್ರೆ ಈ ಬೀದೀಲಿ ಎಷ್ಟು ಜನ ಉಳೀತಾರ್ರೀ?" ಎಂದು ರೇಗಿದಳು. ಅವತ್ತು ಗಂಡ ತಣ್ಣಗಾದ ಅನ್ನವನ್ನೇ ತೆಪ್ಪಗೆ ಉಂಡ.

ಮರುದಿನ ಒಂದು ರೆಂಬೆ, ಎರಡು ಹಣ್ಣು ಚೀಲಕ್ಕೆ ಹಾಕಿಕೊಂಡು ಕಾಲೇಜಿಗೆ ಹೋದಳು. ವಿಭಾಗದ ಮುಖ್ಯಸ್ಥ ಅದೇ ಕಾಲೇಜಿನಲ್ಲಿ ಓದಿದವನು. ಮೊಬೈಲಿನಿಂದ ಕಣ್ಣು ಕೀಳದೆ, "ಯಾವುದೋ ಕಾಡು ಜಾತಿ ಇರಬೇಕು. ಕಡಿಸಿಬಿಡಿ, ರಿಸ್ಕ್ ಯಾಕೆ?" ಎಂದ.

"ಮುಖ ಎತ್ತಿ ಒಂದ್ಸಲ ನೋಡಿ ಹೇಳಿ ಸಾರ್."

"ಗುರುತು ಹಿಡಿಯೋದು ಸುಲಭ ಅಲ್ಲಮ್ಮ. ಅದೆಲ್ಲ ನಿಮಗೆ ಅರ್ಥ ಆಗಲ್ಲ."

ಲ್ಯಾಬಮ್ಮನಿಗೆ ಮೈಯೆಲ್ಲ ಉರಿದುಹೋಯಿತು. "ಅರ್ಥ ಆಗಲ್ವಾ? ಪರೀಕ್ಷೆ ದಿನ ಕೈ ನಡುಗಿ ಬ್ಲೇಡಲ್ಲಿ ಬೆರಳು ಕುಯ್ಕೊಂಡ್ರಲ್ಲ, ಆವಾಗ ಕಾಂಡದ ಚೂರು ಕತ್ತರಿಸಿಕೊಟ್ಟಿದ್ದು ಯಾರು? ಬೀರುವಿನ ಕೀ ಕೊಡಿ!"

ಅವನ ಕಿವಿ ಕೆಂಪಾಯಿತು. ಕೀ ಕೊಟ್ಟ.

ಅವಳು ಹಣ್ಣನ್ನು ಅವನ ಮೇಜಿನ ಮೇಲೇ ಹೋಳು ಮಾಡಿದಳು. ಒಳಗೆ ಬೇಯಿಸಿದ ಮೊಟ್ಟೆಯ ಹಳದಿಯಂಥ ತಿರುಳು. ಬೀಜ ಕಂದು, ಎಣ್ಣೆ ಸವರಿದಂಥ ಹೊಳಪು. ಒಂದು ಬದಿಗೆ ಮಾತ್ರ ಉದ್ದಕ್ಕೂ ಮಾಸಲು ಗಾಯದಂಥ ಗುರುತು. ಆ ಗುರುತು ಕಂಡದ್ದೇ ತಡ, ಅವಳ ಕೈ ನಿಂತಿತು. ಸಪೋಟ ಬೀಜಕ್ಕೂ ಹೀಗೇ ಅಲ್ಲವೇ? ಎಲೆ ಕಿತ್ತರೆ ಹಾಲು ಬರುವುದೂ ಹಾಗೇ.

ನೆಟ್ಟಗೆ ಸಪೋಟ ಕುಟುಂಬದ ಗೂಡಿಗೆ ಹೋಗಿ ಒಂದೊಂದೇ ಹಾಳೆ ತಿರುವಿದಳು. ಹನ್ನೊಂದನೆಯದರಲ್ಲಿ ಅದೇ ಉದ್ದನೆಯ ಎಲೆ, ಮೂಲೆಯ ಕಾಗದದ ಪೊಟ್ಟಣದಲ್ಲಿ ಅದೇ ಬೀಜ. ಹತ್ತೊಂಬತ್ತು ವರ್ಷದ ಹಿಂದೆ, ಮಳೆಗಾಲದಲ್ಲಿ, ಒಣಗದೆ ಸತಾಯಿಸಿದ್ದ ಎಲೆ!

ಮುಖ್ಯಸ್ಥ ಕನ್ನಡಕ ಏರಿಸಿ ಹಾಳೆಗೆ ಅಂಟಿಸಿದ್ದ ಹೆಸರಿನ ಚೀಟಿ ಓದಿದ. ರೆಂಬೆಯನ್ನೂ ಬೀಜವನ್ನೂ ಪಕ್ಕಪಕ್ಕ ಇಟ್ಟು ನೋಡಿದ. "ಹೌದು. ಮೊಟ್ಟೆಹಣ್ಣು. ತಿನ್ನೋ ಹಣ್ಣೇ."

"ಅದನ್ನೇ ಬರೆದು ಸೀಲು ಹಾಕಿ ಕೊಡಿ."

ಬರೆದುಕೊಟ್ಟ. ತಪ್ಪಾಯಿತು ಎಂಬ ಒಂದು ಮಾತು ಬರಲಿಲ್ಲ. ಅದು ಅವಳಿಗೆ ದಾರಿಯುದ್ದಕ್ಕೂ ಚುಚ್ಚುತ್ತಿತ್ತು.

ಬುಧವಾರ ಗುಮಾಸ್ತ ಹೇಳಿದಂತೆಯೇ ಬಂದ, ಹಿಂದೆ ಕೊಡಲಿಯವನು. ಲ್ಯಾಬಮ್ಮ ಕಾಗದ ಮುಂದೆ ಹಿಡಿದಳು. ಗುಮಾಸ್ತ ಓದಿ ಮಡಚಿಕೊಟ್ಟು, "ಕಾಗದದಲ್ಲಿ ಏನು ಬೇಕಾದ್ರೂ ಬರೀಬಹುದು. ನನ್ನ ಮಗಳು ವಾಂತಿ ಮಾಡಿದ್ದು ಸುಳ್ಳಾ?" ಎಂದ.

ಅವಳು ಒಂದು ಹಣ್ಣು ಕಿತ್ತು, ಎಲ್ಲರ ಎದುರಿಗೆ ಕಚ್ಚಿ ತಿಂದಳು. ಆಮೇಲೆ ಕಾಂಪೌಂಡಿನಾಚೆ ಅಜ್ಜಿಯ ಸೆರಗು ಹಿಡಿದು ನಿಂತಿದ್ದ ಹುಡುಗಿಯನ್ನು ಕೇಳಿದಳು: "ಹೇಗಿತ್ತು ಮರೀ ಹಣ್ಣು?"

"ಸಿಹಿ ಇತ್ತು."

"ಮತ್ತೆ ವಾಂತಿ ಯಾವಾಗ ಆಯ್ತು?"

"ಅಪ್ಪ ಉಪ್ಪುನೀರು ಕುಡಿಸಿದ್ಮೇಲೆ."

"ಎರಡು ಚೊಂಬು ಕುಡಿಸ್ದ," ಎಂದರು ಅಜ್ಜಿ, ಮಗನ ಕಡೆ ನೋಡದೆ. "ಬೇಡ ಕಣೋ ಅಂದೆ, ಕೇಳಲಿಲ್ಲ. ಕದ್ದು ತಿಂದೆ ಅಂತ ಬೆನ್ನಿಗೆ ಎರಡು ಬಿಟ್ಟ ಬೇರೆ."

ಕೊಡಲಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ತಾನೂ ಒಂದು ಹಣ್ಣು ತಿಂದು, "ಸ್ವಾಮಿ, ಉಪ್ಪುನೀರು ಕುಡಿಸಿದ್ರೆ ನಾನೂ ಕಕ್ತೀನಿ," ಎಂದು ಕೊಡಲಿ ಹೆಗಲಿಗೇರಿಸಿ ಹೊರಟೇಹೋದ. ಗುಮಾಸ್ತ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಲ್ಯಾಬಮ್ಮನಿಗೆ ಗೆದ್ದ ಖುಷಿ ಅಷ್ಟೇನೂ ಆಗಲಿಲ್ಲ. ಮೂರು ದಿನ ಆ ಹುಡುಗಿಯನ್ನು ಯಾರೂ ಒಂದು ಮಾತು ಕೇಳಲಿಲ್ಲವಲ್ಲ, ತಾನೂ ಕೇಳಲಿಲ್ಲವಲ್ಲ ಎಂದು ಸಂಜೆಯವರೆಗೂ ಬುಸುಗುಟ್ಟುತ್ತಲೇ ಇದ್ದಳು.

ಶನಿವಾರ ಅಜ್ಜಿ ಮೊಮ್ಮಗಳ ಕೈಹಿಡಿದು ಹಿತ್ತಲಿಗೆ ಬಂದರು. ಮೂವರೂ ಒಗೆಯುವ ಕಲ್ಲಿನ ಮೇಲೆ ಕೂತು ತಿಂದರು. ಹೊರಡುವಾಗ ಲ್ಯಾಬಮ್ಮ ನಾಲ್ಕು ಹಣ್ಣು ಅಜ್ಜಿಯ ಮಡಿಲಿಗೆ ಹಾಕಿದಳು.

"ನಿಮ್ಮ ಮಗನಿಗೆ ಮಾತ್ರ ಒಂದೂ ಕೊಡಬೇಡಿ. ಬೇಕಾದ್ರೆ ಬಂದು ಬಾಯಿಬಿಟ್ಟು ಕೇಳ್ಲಿ."

ಅವನು ಈವರೆಗೂ ಕೇಳಿಲ್ಲ.