ದೇಜಪ್ಪನ ಬೆನ್ನುಚೀಲ

ಕತಾರಿನಲ್ಲಿ ಗುಡ್ಡಗಳು ಕಡಿಮೆ, ಚಾರಣದ ಗುರುಗಳು ಹೆಚ್ಚು. ಅವರಲ್ಲಿ ಅಲ್ ಸದ್ದ್ ಬಡಾವಣೆಯ ದೇಜಪ್ಪ ಮುಖ್ಯ. ಹೊಸಬರ ಬೆನ್ನಿಗೆ ಹತ್ತು ಕಿಲೋ ಕುಚ್ಚಲಕ್ಕಿ ಹೊರಿಸಿ, ಲಿಫ್ಟ್ ಬಿಡಿಸಿ, ಹನ್ನೆರಡು ಮಹಡಿ ಹತ್ತಿಸುತ್ತಾನೆ. ಹೊಸ ಬೂಟನ್ನು ತಿಂಗಳ ಕಾಲ ಆಫೀಸಿಗೆ ಹಾಕಿ ಪಳಗಿಸದವರನ್ನು ದುಖಾನ್ ಮರುಭೂಮಿಯ ಕಡೆಗೆ ಕರೆದೊಯ್ಯುವುದಿಲ್ಲ. ಹಲ್ಲುಜ್ಜುವ ಬ್ರಶ್ಶಿನ ಹಿಡಿಯನ್ನೂ ಕತ್ತರಿಸಿ ಭಾರ ಇಳಿಸುವ ಈತ, ಶುಕ್ರವಾರ ಹೊರಡುವ ಮುನ್ನ ಎಲ್ಲರ ಚೀಲ ತೂಗುತ್ತಾನೆ. “ಪುಸ್ತಕ ಖಲಾಸ್, ಟೀಚರ್! ಬಾಯಾರಿದರೆ ಇದನ್ನು ಕುಡೀತೀರಾ ಮಾರಾಯ್ರೆ?” ಎಂದು ಮೊದಲ ಸಲವೇ ನನ್ನ ಚೀಲದಿಂದ ಪುಸ್ತಕ ತೆಗೆದಿಟ್ಟ. ಸಿಟ್ಟಿನಿಂದ ಅವನ ಚೀಲವನ್ನೇ ತೂಗಿದೆ, ಎಲ್ಲರದಕ್ಕಿಂತ ಭಾರ. ಒಳಗೆ ಅವನು ಎಂದೂ ಮುಟ್ಟದ ನಾಲ್ಕು ಲೀಟರ್ ನೀರಿತ್ತು. “ಅದು ದಾರಿಯಲ್ಲಿ ಬಿದ್ದವರಿಗೆ. ಕಟ್ಟಡದ ಸೈಟಿನಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ನಮ್ಮ ದುಗ್ಗು ಬಿಸಿಲಿಗೆ ಬಿದ್ದು ಸಾಯುವಾಗ ನನ್ನ ಬಾಟಲಿ ಖಾಲಿ ಇತ್ತು,” ಎಂದ. ಈಗ ಪುಸ್ತಕದ ಜಾಗದಲ್ಲಿ ನಾನೂ ಮುಟ್ಟದ ಒಂದು ಬಾಟಲಿ ಹೊರುತ್ತೇನೆ.