ಹಿಮದ ಊರಿಗೆ ಹೋದ ಅಡಿಕೆ ಸಸಿ

ನನ್ನ ಅತ್ತೆಯವರ ಊರಿನಲ್ಲಿ ಹಿಮ ಬೀಳತೊಡಗಿತು ಎಂದರೆ ಇಲ್ಲಿ ಕೊಪ್ಪದ ಹತ್ತಿರದ ಜಯಪುರದಲ್ಲಿ ಕೂತ ನನಗೆ ಅನ್ನ ಸೇರುತ್ತಿರಲಿಲ್ಲ. ಬೇರೆಯವರ ಮೊಬೈಲಿನಲ್ಲಿ ಅಡಿಕೆ ಧಾರಣೆ ಬರುತ್ತಿತ್ತು, ನನ್ನದರಲ್ಲಿ ಹಿಮಾಚಲದ ಹವಾಮಾನ. ಎಲ್ಲಕ್ಕೂ ಕಾರಣ ಒಂದು ಅಡಿಕೆ ಸಸಿ.

ತೋಟ ನೋಡಿಕೊಂಡಿರುವ ಗಂಡಿಗೆ ನಮ್ಮ ಕಡೆ ಹೆಣ್ಣು ಸಿಗುವುದು ಹುಡುಗಾಟವಲ್ಲ. ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಎಂದು ಜಾತಕ ಹಿಡಿದು ಅಲೆದು ಚಪ್ಪಲಿ ಸವೆದ ಮೇಲೆ, ಪರಿಚಯದವರೊಬ್ಬರ ಮೂಲಕ ಹಿಮಾಚಲದ ಗುಡ್ಡದ ಊರೊಂದರ ಸಂಬಂಧ ಕೂಡಿಬಂತು. ಮದುವೆಗೆ ಬಂದಿದ್ದ ಅತ್ತೆ ನಮ್ಮ ಅಡಿಕೆ ಮರಗಳನ್ನು ತಲೆಯೆತ್ತಿ ನೋಡಿ ನೋಡಿ ಕುತ್ತಿಗೆ ನೋಯಿಸಿಕೊಂಡರು. ಅವರು ಹೊರಡುವ ದಿನ ಅಮ್ಮ ಒಂದು ಸಸಿಯನ್ನು ಮಣ್ಣು ಸಮೇತ ಎಬ್ಬಿಸಿ, ಚೀಲದಲ್ಲಿಟ್ಟು ಅವರ ಕೈಗೆ ಕೊಟ್ಟಳು. ಹಿಮದಲ್ಲಿ ಅಡಿಕೆ ಬದುಕುವುದುಂಟೇ ಎಂದು ನಾನು ಗೊಣಗಿದೆ.

“ನೀ ಸುಮ್ನಿರು ಮಾಣಿ. ಅವರ ಕೂಸು ನಮ್ಮನೆಗೆ ಬಂತು, ನಮ್ಮನೆ ಸಸಿ ಅವರ ಮನೆಗೆ ಹೋಗ್ಲಿ” ಎಂದಳು ಅಮ್ಮ. ನಮ್ಮ ಮನೆಮಾತಿನಲ್ಲಿ ಮಾಣಿ ಎಂದರೆ ಹುಡುಗ, ಕೂಸು ಎಂದರೆ ಹುಡುಗಿ.

ಈ ಮಾತನ್ನು ನನ್ನ ಹೆಂಡತಿಯ ಅಪ್ಪನಿಗೆ ಯಾರೋ ಹಿಂದಿಯಲ್ಲಿ ತಿಳಿಸಿದರು. ಅವರು ಅದನ್ನು ತಮ್ಮ ಗುಡ್ಡದ ಭಾಷೆಯಲ್ಲಿ ಅತ್ತೆಗೆ ಹೇಳಿದರು. ಅಷ್ಟು ದೂರ ಹೋಗುವಷ್ಟರಲ್ಲಿ ಅಮ್ಮನ ಸೌಜನ್ಯದ ಮಾತು ಹರಕೆಯಾಗಿಬಿಟ್ಟಿತ್ತು. ಸಸಿ ಚೆನ್ನಾಗಿದ್ದರೆ ಮಗಳು ಚೆನ್ನಾಗಿರುತ್ತಾಳೆ ಎಂದು ಅತ್ತೆ ಗಟ್ಟಿಯಾಗಿ ನಂಬಿದರು. ವಿಡಿಯೋ ಕರೆ ಬಂದರೆ ಮೊದಲು ಸಸಿಯ ದರ್ಶನ, ಆಮೇಲೆ ನಮ್ಮ ಕ್ಷೇಮ ಸಮಾಚಾರ.

ಮೊದಲ ಚಳಿಗಾಲದಲ್ಲಿ ಕುಂಡವನ್ನು ಅಡುಗೆಮನೆಯ ಕಬ್ಬಿಣದ ಒಲೆಯ ಮಗ್ಗುಲಲ್ಲಿ ಇಟ್ಟರು. ಕಾವಿಗೆ ಎಲೆಯ ತುದಿ ಸುಟ್ಟಿತು. ಅದೇ ವಾರ ಇಲ್ಲಿ ನನ್ನ ಹೆಂಡತಿಗೆ ಜ್ವರ. ಕಾಕತಾಳೀಯ ಎಂದು ನಾನು ನಕ್ಕೆ, ಆದರೆ ಒಲೆಯಿಂದ ದೂರ ಇಡಲು ಹೇಳಿ ಎಂದು ಫೋನ್ ಮಾಡಿಸಿದವನೂ ನಾನೇ. ಅಲ್ಲಿಂದ ಮುಂದೆ ಆ ಕುಂಡಕ್ಕೆ ನೀರೆಷ್ಟು, ಬಿಸಿಲೆಷ್ಟು ಎಂಬುದೆಲ್ಲ ಜಯಪುರದಿಂದಲೇ ತೀರ್ಮಾನವಾಗುತ್ತಿತ್ತು.

ಕಳೆದ ಚಳಿಗಾಲದಲ್ಲಿ ಹೆಂಡತಿ ತುಂಬು ಬಸುರಿ. ರಕ್ತದೊತ್ತಡ ಏರಿತ್ತು, ಕಾಲು ಬಾತಿತ್ತು. ದೂರದ ಪ್ರಯಾಣ ಬೇಡವೇ ಬೇಡ ಎಂದು ಕೊಪ್ಪದ ಡಾಕ್ಟರು ಹೇಳಿದ್ದರಿಂದ ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗುವ ಮಾತೇ ಇರಲಿಲ್ಲ. ಹಾಗಾದರೆ ನೀವೇ ಬನ್ನಿ ಎಂದು ಅತ್ತೆಯನ್ನು ಕರೆದೆವು. ಅವರು ಒಪ್ಪಲಿಲ್ಲ.

“ಗಿಡ ಬಿಟ್ಟು ಹೆಂಗೆ ಬರ್ಲಿ ಅಂತಾಳೆ” ಎಂದು ಹೆಂಡತಿ ಫೋನ್ ಇಟ್ಟಳು. “ಅಪ್ಪ ಒಲೆ ಆರಿಸಿ ಮಲಗಿಬಿಡ್ತಾರಂತೆ. ಈಗ ಗಿಡಕ್ಕೆ ಏನಾದ್ರೂ ಆದ್ರೆ ನಂಗೂ ಆಗತ್ತಂತೆ.” ಅವಳು ಅಳಲಿಲ್ಲ. ಬಟಾಣಿ ಸುಲಿಯುತ್ತ ಕೂತಳು, ಸುಲಿದ ಸಿಪ್ಪೆಯನ್ನೇ ಪಾತ್ರೆಗೆ ಹಾಕುತ್ತಿದ್ದಳು.

ಅಷ್ಟರಲ್ಲಿ ಸಸಿ ಎತ್ತರವಾಗಿ ಅಡುಗೆಮನೆಯ ಮಾಡಿಗೆ ತಾಗುತ್ತಿತ್ತು. ಗಾಜಿನ ಜಗಲಿಗೆ ಸಾಗಿಸಿದ್ದರು. ಅಲ್ಲಿ ರಾತ್ರಿ ಕೊರೆಯುತ್ತದೆ, ಏನು ಮಾಡಲಿ ಎಂದು ಅತ್ತೆ ಕೇಳಿಸಿದರು. ಅಡಿಕೆಯ ವಿಷಯದಲ್ಲಿ ನನ್ನನ್ನು ಕೇಳಿದರೆ ನಾನು ಬಿಟ್ಟೇನೆಯೇ? “ಕೊಟ್ಟೆ ಕಟ್ಟಲಿಕ್ಕೆ ಹೇಳು” ಎಂದೆ. ಮಳೆಗಾಲದಲ್ಲಿ ಕೊಳೆರೋಗ ತಗಲದಿರಲಿ ಎಂದು ನಾವು ಅಡಿಕೆ ಗೊನೆಗೆ ಪ್ಲಾಸ್ಟಿಕ್ ಹೊದಿಸಿ ಕಟ್ಟುತ್ತೇವೆ, ಅದೇ ಕೊಟ್ಟೆ. ಅಡಿಕೆ ಹಾಳೆಯಲ್ಲಿ ಕಟ್ಟುತ್ತಿದ್ದ ಅಜ್ಜನ ಕಾಲದಿಂದ ನಮ್ಮನ್ನು ಕಾಯುತ್ತ ಬಂದ ವಿದ್ಯೆ. ಗಿಡಕ್ಕೆ ತುದಿಯಿಂದ ಬುಡದವರೆಗೆ ಹೊದಿಸಿ, ಗಾಳಿಯಾಡದಂತೆ ಬಿಗಿಯಾಗಿ ಕಟ್ಟಿ ಎಂದು ವಿಡಿಯೋದಲ್ಲಿ ಗಂಟು ಹಾಕುವುದನ್ನೂ ತೋರಿಸಿದೆ. ಮಾವ ನಾನು ಹೇಳಿದ ಹಾಗೇ ಕಟ್ಟಿದರು.

ಮರುದಿನ ಅಲ್ಲಿ ದೊಡ್ಡ ಹಿಮ ಬಿತ್ತು. ಕರೆಂಟೂ ಹೋಯಿತು, ಟವರೂ ಹೋಯಿತು. ಎಷ್ಟು ಸಲ ಒತ್ತಿದರೂ ಫೋನ್ ಹೋಗುತ್ತಿರಲಿಲ್ಲ. ಅದೇ ಹೊತ್ತಿಗೆ ಕೊಪ್ಪದಲ್ಲಿ ಡಾಕ್ಟರು ಹೆಂಡತಿಯ ರಕ್ತದೊತ್ತಡ ನೋಡಿ ಹುಬ್ಬು ಗಂಟಿಕ್ಕಿ ಆಸ್ಪತ್ರೆಗೆ ಸೇರಿಸಿಕೊಂಡರು, ಇನ್ನೂ ಏರಿದರೆ ತಡಮಾಡದೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಎಂದರು. ನಾನು ವಿಜ್ಞಾನ ಓದಿದವನು, ಹರಕೆ ಗಿರಕೆ ನಂಬುವವನಲ್ಲ. ಆದರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಯೋಚಿಸುತ್ತಿದ್ದದ್ದು ಪ್ಲಾಸ್ಟಿಕ್ಕಿನೊಳಗೆ ಸಸಿ ಹೇಗಿದೆಯೋ ಎಂದು. ಭಯಕ್ಕೆ ಡಿಗ್ರಿ ಗೊತ್ತಾಗುವುದಿಲ್ಲ.

ಟವರ್ ಬಂದ ದಿನ ಕರೆ ಬಂತು. ಫೋನ್ ನನ್ನ ಕೈಯಲ್ಲಿತ್ತು. ಅತ್ತೆ ಕ್ಯಾಮೆರಾ ತಿರುಗಿಸಿದರು. ಬಿಚ್ಚಿದ ಪ್ಲಾಸ್ಟಿಕ್ಕಿನ ಒಳಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಮ್ಮಲ್ಲಿ ಕೊಟ್ಟೆ ಹೊರಗಿನ ನೀರನ್ನು ತಡೆಯುತ್ತದೆ. ಅಲ್ಲಿ ಅದು ಒಳಗಿನ ಉಸಿರನ್ನೇ ನೀರು ಮಾಡಿ ಗಿಡದ ನೆತ್ತಿಗೆ ಸುರಿದಿತ್ತು. ಅತ್ತೆ ಸುಳಿ ಮುಟ್ಟಿದರು, ಅದು ಬುಡಸಮೇತ ಅವರ ಕೈಗೆ ಬಂತು. ಸುಳಿ ಹೋದರೆ ಅಡಿಕೆ ಹೋದಂತೆ.

“ನನ್ನ ಮಗಳನ್ನು ತೋರಿಸು” ಎಂದರು ತಮಗೆ ಬರುವ ನಾಲ್ಕು ಮಾತು ಹಿಂದಿಯಲ್ಲಿ. ಅವಳು ಸ್ಕ್ಯಾನಿಂಗಿಗೆ ಒಳಗೆ ಹೋಗಿದ್ದಳು. ಒಳಗಿದ್ದಾಳೆ, ಚೆನ್ನಾಗಿದ್ದಾಳೆ ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದ್ದು ನನಗೇ ಸುಳ್ಳಿನಂತೆ ಕೇಳಿತು. ಅವರು ಕರೆ ಕತ್ತರಿಸಿದರು. ಆಮೇಲೆ ಮಾಡಿದರೆ ಸ್ವಿಚ್ ಆಫ್.

ಅತ್ತೆ ಹೊರಟುಬಿಟ್ಟಿದ್ದರು ಎಂದು ತಿಳಿದದ್ದು ಸಂಜೆ, ಮಾವ ಫೋನ್ ಮಾಡಿದ ಮೇಲೆ. ಹಿಮ ಸರಿಸಿದ ರಸ್ತೆಯಲ್ಲಿ ಜೀಪು, ಆಮೇಲೆ ಬಸ್ಸು, ರೈಲು. ಒಬ್ಬರೇ ಎಲ್ಲೂ ಹೋದವರಲ್ಲ. ಈಗ ಎರಡು ಜೀವಗಳ ಜೊತೆಗೆ ಮೂರನೆಯದಕ್ಕೂ ನಾನು ಹೆದರಬೇಕಾಯಿತು. ಶಿವಮೊಗ್ಗದಲ್ಲಿ ಯಾರೋ ಪುಣ್ಯಾತ್ಮರು ಅವರನ್ನು ಸರಿಯಾದ ಬಸ್ಸಿಗೆ ಹತ್ತಿಸಿ, “ಬಸ್ಸು ಮುತ್ತಿನಕೊಪ್ಪ ದಾಟೋ ಹೊತ್ತಿಗೆ ಕೊಪ್ಪ ಸ್ಟ್ಯಾಂಡಿಗೆ ಬಂದು ನಿಂತ್ಕಳಿ ಮಾರಾಯ್ರೆ, ಅವ್ರಿಗೆ ಭಾಷೆ ಬರಲ್ಲ” ಎಂದು ಕಂಡಕ್ಟರ್ ಕೈಯಲ್ಲಿ ನನಗೆ ಫೋನ್ ಮಾಡಿಸಿದರು.

ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಸ್ವೆಟರು, ಶಾಲು, ಉಣ್ಣೆಯ ಟೋಪಿಯಲ್ಲಿ ಬೆವರುತ್ತ ಇಳಿದ ಅತ್ತೆಯನ್ನು ನೇರ ಆಸ್ಪತ್ರೆಗೆ ಕರೆದೊಯ್ದೆ. ಹೆಂಡತಿ ಎಡಮಗ್ಗುಲಲ್ಲಿ ಮಲಗಿದ್ದಳು. ಅತ್ತೆ ಅವಳ ಹಣೆ, ಕೆನ್ನೆ, ಬಾತ ಪಾದ ಒಂದೊಂದನ್ನೇ ಮುಟ್ಟಿ ನೋಡಿದರು. ಸಸಿಯನ್ನು ಎಬ್ಬಿಸಿ ಬೇರು ನೋಡುವಾಗ ಅಮ್ಮನ ಕೈ ಹಾಗೇ ಆಡುತ್ತದೆ. ನಂತರ ಮಂಚದ ಮೇಲೇ ಕೂತು ಮಗಳ ತಲೆಯನ್ನು ತೊಡೆಗೆ ಎಳೆದುಕೊಂಡರು. ಇಷ್ಟು ದಿನ ಗಟ್ಟಿಯಾಗಿದ್ದ ನನ್ನ ಹೆಂಡತಿ ಚಿಕ್ಕ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು.

ಅತ್ತದ್ದು ಮುಗಿದ ಮೇಲೆ ಮುಖ ಒರೆಸಿಕೊಂಡು, ತಾಯಿಗೆ ತಿಳಿಯದಿರಲಿ ಎಂದು ಕನ್ನಡದಲ್ಲಿ ನನ್ನನ್ನು ಕೇಳಿದಳು:

“ಆ ಗಿಡ ಒಂದು ತಿಂಗಳು ಮೊದ್ಲೇ ಸಾಯ್ಬಾರ್ದಿತ್ತಾ ಮಾರಾಯ್ರೆ?”